ನಲವತ್ತನೆಯ ಗಂಟು

ಸಾವಂತ್ರಮ್ಮನಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ನಲವತ್ತರವರೆಗೆ ಎಣಿಸುವುದು ಅವಳಷ್ಟು ಕರಾರುವಾಕ್ಕಾಗಿ ಇಡೀ ಹೊನ್ನಾಳಿ ತಾಲ್ಲೂಕಿನಲ್ಲಿ ಯಾರಿಗೂ ಬರುತ್ತಿರಲಿಲ್ಲ ಎಂದು ಬೇಕಾದರೆ ಆಣೆ ಮಾಡಿ ಹೇಳಬಹುದು. ನಲವತ್ತರಾಚೆಗಿನ ಎಣಿಕೆ ಅವಳಿಗೆ ಬೇಕಾಗಿಯೂ ಇರಲಿಲ್ಲ. ಸೂಲಗಿತ್ತಿಗೆ ನಲವತ್ತು ಸಾಕು.

ಸಾಸ್ವೆಹಳ್ಳಿಯಿಂದ ಹೊಳೆದಂಡೆ ಹಿಡಿದು ಒಂದು ಹರದಾರಿ ನಡೆದರೆ ಸಿಗುವ ಕಲ್ಲುಕೇರಿ ಅವಳ ಊರು. ಅಲ್ಲಿ ಹದಿನೆಂಟು ಮನೆ ಕಿರಿಸ್ತಾನರಿದ್ದರು, ಮೂವತ್ತು ಮನೆ ಬೇರೆಯವರಿದ್ದರು, ನಡುವೆ ಮಾತೆ ಮರಿಯಮ್ಮನ ಸಣ್ಣ ಹೆಂಚಿನ ಗುಡಿ. ಕಿರಿಸ್ತಾನರಿಗೆಲ್ಲ ಎರಡೆರಡು ಹೆಸರು, ಜ್ಞಾನಸ್ನಾನದ ಪುಸ್ತಕಕ್ಕೊಂದು, ಬಾಯಿಗೊಂದು. ಸಾವಂತ್ರಮ್ಮ ಪುಸ್ತಕದಲ್ಲಿ ಅನ್ನಮ್ಮ. ಅನ್ನಮ್ಮ ಎಂದು ಕೂಗಿದರೆ ಮಾತ್ರ ಅವಳು ತಿರುಗಿಯೂ ನೋಡುತ್ತಿರಲಿಲ್ಲ. ಐವತ್ತೈದರ ಸುಮಾರಿನ ವಿಧವೆ, ಕುಳ್ಳಗೆ, ಗಟ್ಟಿಮುಟ್ಟು, ಬಾಯಿ ಊರಗಲ. ಗೌಡರ ತಾಯಿಯೇ ಬಂದು ಹೆರಿಗೆ ಕೋಣೆಯ ಹೊಸ್ತಿಲಲ್ಲಿ ಇಣುಕಿದರೂ, "ನೀವು ಹೆರ್ತೀರೇನ್ರಿ? ಇಲ್ಲ ಅಂದ್ರೆ ಆ ಕಡೆ ಹೋಗ್ರಿ" ಎನ್ನುವವಳು. ಯಾರೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ಊರಿನಲ್ಲಿ ಯಾರ ಮನೆಯಲ್ಲೇ ಮಗು ಹುಟ್ಟಲಿ, ಮೊದಲು ಹಿಡಿಯುವ ಕೈ ಅವಳದೇ ಆಗಿತ್ತು.

ಮಗು ಹುಟ್ಟಿದ ದಿನವೇ ಅವಳು ಅರಿಶಿನ ಹಚ್ಚಿದ ನೂಲೊಂದನ್ನು ಬಾಣಂತಿ ಕೋಣೆಯ ಗೂಟಕ್ಕೆ ಕಟ್ಟಿ ಒಂದು ಗಂಟು ಹಾಕುತ್ತಿದ್ದಳು. ದಿನಾ ಎಣ್ಣೆ ನೀರು ಹಾಕಲು ಬಂದಾಗ ಇನ್ನೊಂದು. ನಲವತ್ತು ಗಂಟು ಆಗುವವರೆಗೆ ಬಾಣಂತಿ ತಲೆಗೆ ಕಟ್ಟಿದ ಬಟ್ಟೆ ಬಿಚ್ಚುವಂತಿಲ್ಲ, ತಣ್ಣೀರು ಮುಟ್ಟುವಂತಿಲ್ಲ, ಹೊಲದ ಕಡೆ ಮುಖ ಹಾಕುವಂತಿಲ್ಲ. ಅತ್ತೆ ಮುಖ ಊದಿಸಿಕೊಳ್ಳಲಿ, ಗಂಡ ಗೊಣಗಲಿ, ಮೂವತ್ತೊಂಬತ್ತಕ್ಕೆ ಬಾಗಿಲು ತೆಗೆದ ದಾಖಲೆ ಇಲ್ಲ.

ಈ ನಲವತ್ತು ದಿನ ಸುಮ್ಮನೆ ಸಿಕ್ಕಿದ್ದಲ್ಲ. ಕಲ್ಲುಕೇರಿಯ ಹೆಂಗಸರೆಲ್ಲ ಗೌಡರ ಹೊಲದಲ್ಲಿ ದುಡಿಯುವವರು. ಸಾವಂತ್ರಮ್ಮನ ಅತ್ತೆಯ ಕಾಲದಲ್ಲಿ ಹೆತ್ತ ಹದಿನೈದು ದಿನಕ್ಕೇ ಕುಡುಗೋಲು ಹಿಡಿಯಬೇಕಾಗಿತ್ತು. ಆ ಅತ್ತೆಯೂ ಸೂಲಗಿತ್ತಿಯೇ. ಒಂದು ಸುಗ್ಗಿಯಲ್ಲಿ ಇಬ್ಬರು ಬಾಣಂತಿಯರನ್ನು ಮಣ್ಣು ಮಾಡಿ ಬಂದವಳು ನೇರ ಗೌಡರ ಕಣಕ್ಕೆ ಹೋಗಿ, "ದೇವರ ತಾಯಿನೇ ಹೆತ್ತು ನಲವತ್ತು ದಿನ ಹೊಸ್ತಿಲು ದಾಟಲಿಲ್ಲ. ನಿಮ್ಮ ಜೋಳ ದೇವರಿಗಿಂತ ದೊಡ್ಡದೇನ್ರಿ?" ಎಂದು ಕೇಳಿಬಿಟ್ಟಳಂತೆ. ಆಗಿನ ಗೌಡರು ದೈವಭಕ್ತರು. ಯಾರ ದೇವರಾದರೇನು, ದೇವರ ತಾಯಿ ಎಂದ ಮೇಲೆ ತಾಯಿಯೇ ಎಂದುಕೊಂಡು ಒಪ್ಪಿದರು. ಆಮೇಲೆ ಅದು ಊರಿಗೇ ಮಾಮೂಲಾಯಿತು. ಬೇರೆ ಕುಲದ ಹೆಂಗಸರಿಗೂ ನಲವತ್ತೇ ನಡೆಯಿತು.

ಅಂದ ಮೇಲೆ ಮರಿಯಮ್ಮನ ಬಾಣಂತನವನ್ನೂ ಊರ ಕಣ್ಣೆದುರಿಗೆ ಸರಿಯಾಗಿ ಮಾಡಬೇಕಲ್ಲ? ಕ್ರಿಸ್ಮಸ್ ದಿನ ಬೆಳಗಾಗುತ್ತಲೇ ಸಾವಂತ್ರಮ್ಮ ಗುಡಿಗೆ ಹೋಗಿ ಮರಿಯಮ್ಮನ ಪ್ರತಿಮೆಯ ತಲೆಗೆ, ಕಿವಿ ಮುಚ್ಚುವ ಹಾಗೆ, ಬಿಳಿ ಬಟ್ಟೆ ಕಟ್ಟುತ್ತಿದ್ದಳು. ಪಾದದ ಬಳಿ ಅರಿಶಿನದ ನೂಲು, ದಿನಕ್ಕೊಂದು ಗಂಟು. ಸಂಜೆ ಒಂದು ಚಿಟಿಕೆ ಓಮದ ಹೊಗೆ. ನಲವತ್ತನೆಯ ಗಂಟು ಬೀಳುವ ದಿನ, ಫೆಬ್ರವರಿ ಎರಡಕ್ಕೆ, ಮೊಂಬತ್ತಿ ಹಬ್ಬ, ಮರಿಯಮ್ಮ ಕೂಸನ್ನೆತ್ತಿಕೊಂಡು ಮೊದಲ ಸಲ ದೇವಾಲಯಕ್ಕೆ ಹೋದ ದಿನದ ನೆನಪು. ಅಂದು ಸ್ವಾಮಿಗಳು, ಎಂದರೆ ಪಾದ್ರಿಗಳು, ಬಂದು ಮೊಂಬತ್ತಿಗಳನ್ನು ಮಂತ್ರಿಸಿ ಕೊಡುತ್ತಿದ್ದರು. ಸಾವಂತ್ರಮ್ಮ ಮರಿಯಮ್ಮನ ತಲೆಯ ಬಟ್ಟೆ ಬಿಚ್ಚುತ್ತಿದ್ದಳು. ಆ ತಾಯಿಯನ್ನು ಹೊತ್ತು ಕೇರಿ ಸುತ್ತುವಾಗ, ಕ್ರಿಸ್ಮಸ್ ವೇಳೆಗೆ ಹೆತ್ತ ಹೆಣ್ಣುಮಗಳೊಬ್ಬಳು ಉರಿಯುವ ಮೊಂಬತ್ತಿ ಹಿಡಿದು ಮುಂದೆ ನಡೆಯುತ್ತಿದ್ದಳು. ಅವಳಿಗೆ 'ಮರಿಯಮ್ಮನ ಜೊತೆಗಾತಿ' ಎಂದು ಹೆಸರು. ಜೊತೆಗಾತಿ ಹೊರಗೆ ಬಂದಳೆಂದರೆ ಅವಳ ಬಾಣಂತನ ಮುಗಿಯಿತು, ಮರುದಿನದಿಂದ ಕೆಲಸ. ಗೌಡರ ಮನೆಯವರಿಗೂ ಇದು ಗೊತ್ತಿತ್ತು. ಪ್ರತಿಮೆಯ ತಲೆಗೆ ಬಟ್ಟೆ ನೋಡಿದ ಹಿಂದಿನ ಸ್ವಾಮಿಗಳೆಲ್ಲ ಮೀಸೆಯಡಿಯಲ್ಲಿ ನಕ್ಕು ಸುಮ್ಮನಾಗುತ್ತಿದ್ದರು.

ಸಾವಿರದ ಒಂಬೈನೂರ ಮೂವತ್ತೇಳನೆಯ ಇಸವಿಯ ಮಳೆ ಮುಗಿಯುವ ಹೊತ್ತಿಗೆ ಹೊಸ ಸ್ವಾಮಿಗಳು ಬಂದರು. ಇನ್ಯಾಸಪ್ಪ ಸ್ವಾಮಿ ಎಂದು, ಮೈಸೂರು ಕಡೆಯವರು, ಮೂವತ್ತು ದಾಟದ ವಯಸ್ಸು, ಊಟಕ್ಕೆ ಗತಿಯಿಲ್ಲದವರಂತೆ ಸಣಕಲು ದೇಹ, ಒಂದು ಸೈಕಲ್ಲು. ಅತ್ತ ನ್ಯಾಮತಿ, ಇತ್ತ ಚನ್ನಗಿರಿ, ನಡುವೆ ಐದು ಊರು, ಎಲ್ಲಕ್ಕೂ ಅವರೊಬ್ಬರೇ. ಕಲ್ಲುಕೇರಿಗೆ ತಿಂಗಳ ಮೊದಲ ಭಾನುವಾರ ಬರುತ್ತಿದ್ದರು. ಬಂದವರೇ ಚಳಿಜ್ವರದ ಮನೆಗಳಿಗೆ ಕ್ವಿನೈನು ಹಂಚಿ, ಗುಡಿಯ ಒಡೆದ ಹೆಂಚನ್ನು ತಾವೇ ಏಣಿ ಹತ್ತಿ ಬದಲಾಯಿಸಿ, ಆಮೇಲೆ ಕೈ ತೊಳೆದುಕೊಂಡು ಪೂಜೆಗೆ ನಿಲ್ಲುತ್ತಿದ್ದರು. ಸಾವಂತ್ರಮ್ಮ ಅವರಿಗೆ ರೊಟ್ಟಿ ಬಡಿದು ಹಾಕಿ, "ಇನ್ನೊಂದು ತಿನ್ರಿ ಸ್ವಾಮೇರೇ, ಗಾಳಿ ಬಂದ್ರೆ ಸೈಕಲ್ ಒಂದೇ ಉಳಿಯತ್ತೆ" ಎಂದು ರೇಗಿಸುತ್ತಿದ್ದಳು. ಅವರ ಮೇಲೆ ಅವಳಿಗೆ ನಿಜಕ್ಕೂ ಅಕ್ಕರೆ ಇತ್ತು.

ಮೂವತ್ತೆಂಟರ ಜನವರಿ ಎರಡನೆಯ ತಾರೀಕು, ಭಾನುವಾರ, ಪೂಜೆಯ ಕೊನೆಗೆ ಸ್ವಾಮಿಗಳು ಜನರ ಕಡೆ ತಿರುಗಿ ನಿಂತರು.

"ಈ ವರ್ಷ ಮೊಂಬತ್ತಿ ಹಬ್ಬ ಬುಧವಾರ ಬಂದಿದೆ" ಎಂದರು. "ಬುಧವಾರ ಯಾರು ಬರುತ್ತೀರಿ? ಹೊಲದಲ್ಲಿರುವವರು ಹೊಲದಲ್ಲಿ, ಭದ್ರಾವತಿ ಕಾರ್ಖಾನೆಗೆ ಹೋದ ಹುಡುಗರು ಅಲ್ಲಿ. ಹೋದ ವರ್ಷ ಗುಡಿಯಲ್ಲಿ ಹತ್ತು ಜನ ಹೆಂಗಸರು, ಒಂದು ಮೇಕೆ ಇತ್ತಂತೆ. ಮೇಲಿನ ದೊಡ್ಡ ಸ್ವಾಮಿಗಳ ಅಪ್ಪಣೆ ಪಡೆದಿದ್ದೇನೆ. ಇನ್ನು ಮೇಲೆ ಇಂಥ ಹಬ್ಬಗಳನ್ನು ಹತ್ತಿರದ ಭಾನುವಾರಕ್ಕೆ ಇಟ್ಟುಕೊಳ್ಳೋಣ. ಈ ಸಲ ಜನವರಿ ಮೂವತ್ತಕ್ಕೆ."

ಗುಡಿಯಲ್ಲಿ ಸಂತೋಷದ ಗುಜುಗುಜು ಎದ್ದಿತು. ಮಕ್ಕಳನ್ನು ಭದ್ರಾವತಿಗೆ ಕಳಿಸಿದ ತಾಯಂದಿರು ಆರು ಮಂದಿ ಇದ್ದರು. ಸಾವಂತ್ರಮ್ಮ ಅವರಲ್ಲೊಬ್ಬಳು. ಅವಳ ಒಬ್ಬನೇ ಮಗ ಜುಂಜಪ್ಪ ಕಬ್ಬಿಣದ ಕುಲುಮೆಯ ಬಳಿ ದುಡಿಯುತ್ತಿದ್ದ. ನಾಲ್ಕು ವರ್ಷದಿಂದ ಒಂದು ಹಬ್ಬಕ್ಕೂ ಬಂದಿರಲಿಲ್ಲ. ಭಾನುವಾರವೆಂದರೆ ಬರುತ್ತಾನೆ. ಅವಳ ಎದೆ ಹಿಗ್ಗಿತು.

ಹಿಗ್ಗಿದ ಹಾಗೆಯೇ ಕಣ್ಣು ಮಾತ್ರ ಅಭ್ಯಾಸಬಲದಿಂದ ಮರಿಯಮ್ಮನ ಪಾದದ ಕಡೆ ಹೋಯಿತು. ಅಲ್ಲಿ ಒಂಬತ್ತು ಗಂಟು ಬಿದ್ದಿದ್ದವು. ಇನ್ನು ನಾಲ್ಕು ವಾರ ಎಂದರೆ ಇಪ್ಪತ್ತೆಂಟು. ಒಟ್ಟು ಮೂವತ್ತೇಳು. ಮೂರು ಕಡಿಮೆ.

ಬೇರೆ ದಿನವಾಗಿದ್ದರೆ ನಿಂತ ಕಾಲ ಮೇಲೆ ಕೇಳುತ್ತಿದ್ದಳು. ಅಂದು ಕೇಳಲಿಲ್ಲ. ಓದಿದ ಸ್ವಾಮಿಗಳಿಗೆ ಗೊತ್ತಿಲ್ಲದ್ದು ನನಗೆ ಗೊತ್ತೇ ಎಂದುಕೊಂಡಳು. ಪ್ರತಿಮೆಗೇನು ಗಾಳಿ ಬಡಿಯುತ್ತದೆಯೇ ಎಂದುಕೊಂಡಳು. ಅದೆಲ್ಲ ಮೇಲುಮಾತು, ಒಳಗಿನ ಮಾತು ಒಂದೇ: ಜುಂಜಪ್ಪ ಬರುತ್ತಾನೆ.

ಆ ವರ್ಷದ ಜೊತೆಗಾತಿ ದುರುಗಮ್ಮ. ಕತ್ತಲಗೆರೆಯಿಂದ ಕಲ್ಲುಕೇರಿಯ ಅಂಜಿನಪ್ಪನಿಗೆ ಕೊಟ್ಟ ಹುಡುಗಿ. ತಾಯಿ ಸತ್ತಿದ್ದರಿಂದ ಚೊಚ್ಚಲು ಹೆರಿಗೆಗೂ ತವರಿಲ್ಲ, ಗಂಡನ ಮನೆಯಲ್ಲೇ ಆಗಿತ್ತು. ಕ್ರಿಸ್ಮಸ್ ದಿನ ಸೂರ್ಯ ಹುಟ್ಟುವ ಹೊತ್ತಿಗೆ ಗಂಡುಮಗು. ಸಣ್ಣ ಜೀವ, ಕಷ್ಟದ ಹೆರಿಗೆ, ರಕ್ತ ಬಹಳ ಹೋಗಿತ್ತು. ಸಾವಂತ್ರಮ್ಮ ನೀರು ಹಾಕಲು ಹೋದಾಗಲೆಲ್ಲ ಆ ಹುಡುಗಿ ಅವಳ ಸೆರಗಿನ ತುದಿ ಹಿಡಿದುಕೊಂಡೇ ಕೂರುತ್ತಿದ್ದಳು. "ಬಿಡು ತಾಯಿ, ನೆನೀತೈತೆ" ಎಂದರೂ ಬಿಡುತ್ತಿರಲಿಲ್ಲ. ಮಾತು ಮಾತ್ರ ಬಾಯಲ್ಲಿ ಇಲ್ಲವೇ ಇಲ್ಲ. ಅತ್ತೆ ಲಕ್ಷ್ಮಕ್ಕ ಕೆಟ್ಟವಳೇನಲ್ಲ, ಆದರೆ ತಾನು ಪಟ್ಟ ಕಷ್ಟವನ್ನು ಸೊಸೆಯೂ ಪಟ್ಟರೆ ಸರಿ ಎನ್ನುವ ಪೈಕಿ.

ಮೂವತ್ತನೆಯ ತಾರೀಕು ಹಬ್ಬ ಜೋರಾಗಿಯೇ ಆಯಿತು. ಅಂಥ ಜನವನ್ನು ಗುಡಿ ಕಂಡಿರಲಿಲ್ಲ. ಭದ್ರಾವತಿಯ ಹುಡುಗರು ಇಸ್ತ್ರಿ ಅಂಗಿ ತೊಟ್ಟು, ಡೊಳ್ಳು ತರಿಸಿ, ಕೇರಿಗೆಲ್ಲ ತೋರಣ ಕಟ್ಟಿದ್ದರು. ಸ್ವಾಮಿಗಳ ಮುಖ ಅರಳಿತ್ತು. ಸಾವಂತ್ರಮ್ಮ ಪ್ರತಿಮೆಯ ಮುಂದೆ ನಿಂತು ಬಟ್ಟೆಗೆ ಕೈ ಹಾಕಿದಳು. ಗಂಟು ಬಿಗಿದುಕೊಂಡಿತ್ತೋ, ಅವಳ ಬೆರಳೇ ಒಲ್ಲೆ ಎಂದವೋ, ಬಿಚ್ಚಲು ಹೊತ್ತು ಹಿಡಿಯಿತು. ಪಕ್ಕದಲ್ಲಿ ದುರುಗಮ್ಮ ಮೊಂಬತ್ತಿ ಹಿಡಿದು ನಿಂತಿದ್ದಳು. ಅವಳ ತಲೆಯ ಬಟ್ಟೆಯನ್ನೂ ಸಾವಂತ್ರಮ್ಮನೇ ಬಿಚ್ಚಿದಳು.

ಇದು ಬರೀ ಹಬ್ಬಕ್ಕೆ, ಇನ್ನೂ ಮೂರು ದಿನ ಹುಡುಗಿ ಒಳಗೇ ಇರಲಿ ಎಂದು ಲಕ್ಷ್ಮಕ್ಕನಿಗೆ ಹೇಳಬೇಕೆಂದು ಅವಳು ತಿರುಗಿದ್ದು ನಿಜ. ಅಷ್ಟರಲ್ಲಿ ಬಾಗಿಲಿನಿಂದ "ಅವ್ವಾ" ಎಂದ ದನಿ ಕೇಳಿತು. ಜುಂಜಪ್ಪ ಬಂದಿದ್ದ, ಕೈಯಲ್ಲಿ ಬಿಸ್ಕತ್ತಿನ ಡಬ್ಬಿ, ಗಲ್ಲದ ಮೇಲೆ ಕಿಡಿ ಸಿಡಿದ ಕಲೆ. ಆಮೇಲೆ ಹೇಳಿದರಾಯಿತು ಎಂದುಕೊಂಡು ಅವಳು ಮಗನ ಕಡೆ ಓಡಿದಳು. ಅಂದು ಆಮೇಲೆ ಎನ್ನುವುದು ಬರಲೇ ಇಲ್ಲ. ಮಗನಿಗೆ ಉಣ್ಣಿಸುವುದರಲ್ಲಿ, ಅವನ ಕಲೆ ಸವರುವುದರಲ್ಲಿ, ಕೇಳಿದ್ದನ್ನೇ ಕೇಳುವುದರಲ್ಲಿ ಹೊತ್ತು ಮುಳುಗಿತು.

ಮರುದಿನ ಸೋಮವಾರ. ನಸುಕಿನಲ್ಲೇ ಜುಂಜಪ್ಪ ಹೊರಟುಹೋದ. ಸಾವಂತ್ರಮ್ಮ ಅವನು ಉಂಡ ತಟ್ಟೆಯನ್ನು ತೊಳೆಯದೆ ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡು ಕೂತಿದ್ದು, ಆಮೇಲೆ ಪಕ್ಕದೂರಿನಲ್ಲಿದ್ದ ಒಬ್ಬ ಬಸುರಿಯನ್ನು ನೋಡಲು ಹೋದಳು. ಮಧ್ಯಾಹ್ನ ವಾಪಸು ಬರುವಾಗ ಹೊಲದ ದಾರಿಯಲ್ಲಿ ಗಾಡಿಯೊಂದು ಬರುತ್ತಿರುವುದು ಕಂಡಿತು. ಕಂಡ ಕೂಡಲೇ ಅವಳ ಕಾಲು ನಿಂತಿತು. ಸೋಮವಾರ ಬಸವಣ್ಣನ ದಿನ. ಆ ಸೀಮೆಯಲ್ಲಿ ಸೋಮವಾರ ಎತ್ತಿನ ಹೆಗಲ ಮೇಲೆ ಯಾರೂ ನೊಗ ಇಡುವುದಿಲ್ಲ, ಅದರಲ್ಲೂ ಗೌಡರು ಹಾಲೇಶಪ್ಪನವರು ಸೋಮವಾರ ಎತ್ತಿಗೆ ಕೈಮುಗಿದೇ ಬಾಯಿಗೆ ಅನ್ನ ಇಡುವವರು. ಗಾಡಿ ಹೊಡೆಯುತ್ತಿದ್ದವರು ಅವರೇ.

ಹತ್ತಿರ ಹೋಗಿ ನೋಡಿದರೆ ಗಾಡಿಯ ಹುಲ್ಲಿನ ಮೇಲೆ ದುರುಗಮ್ಮ ಬಿದ್ದಿದ್ದಳು. ಮುಖ ಬಿಳುಚಿ ಸುಣ್ಣವಾಗಿತ್ತು. ಸೀರೆಯ ಕೆಳಗಿನ ಹುಲ್ಲು ಕೆಂಪಾಗಿತ್ತು.

"ಎತ್ತು ಹೂಡಂಗಿಲ್ಲ ಅಂತ ತೆನೆ ಹೊರೆ ಎಲ್ಲ ತಲೆ ಮ್ಯಾಲೆ ಹೊರಸ್ತಿದ್ವಿ" ಎಂದರು ಗೌಡರು. "ಮೊಂಬತ್ತಿ ಹಬ್ಬ ಆಯ್ತಲ್ಲ, ಬಾಣಂತನ ಮುಗೀತು ಅಂತ ಲಕ್ಷ್ಮಕ್ಕ ಕರ್ಕೊಂಡು ಬಂದ್ಲು. ನಾನೂ ನಿನ್ನೆ ಮೆರವಣಿಗೆ ನೋಡಿದ್ನಲ್ಲ, ಹೂಂ ಅಂದೆ. ನಾಲ್ಕನೇ ಹೊರೆಗೆ ಬಿದ್ಲು. ನಂಗೆ ಏನೂ ತೋಚಲಿಲ್ಲ, ಹೂಡ್ಬಿಟ್ಟೆ."

ಸಾವಂತ್ರಮ್ಮ ಗಾಡಿ ಹತ್ತಿ ಹುಡುಗಿಯ ಹೊಟ್ಟೆಯ ಮೇಲೆ ಕೈ ಇಟ್ಟಳು. ಹೊಳೆ ದಾಟಿಸಿ ಹೊನ್ನಾಳಿಯ ಡಾಕ್ಟರ ಹತ್ತಿರ ಒಯ್ಯೋಣವೇ ಎಂದು ಅಂಜಿನಪ್ಪ ಅಳುತ್ತಾ ಕೇಳಿದ. ಆ ಕುಲುಕಾಟಕ್ಕೆ ಹುಡುಗಿ ದಾರಿಯಲ್ಲೇ ಹೋಗುತ್ತಾಳೆಂದು ಅವಳಿಗೆ ಗೊತ್ತಿತ್ತು. ಮನೆಗೆ ತಂದು, ಮಂಚದ ಕಾಲಕಡೆಗೆ ಇಟ್ಟಿಗೆ ಇಟ್ಟು ಎತ್ತರಿಸಿ, ಕೂಸನ್ನು ಮೊಲೆಗೆ ಹಚ್ಚಿ, ಹೊಟ್ಟೆಯನ್ನು ಕೈಯಿಂದ ಒತ್ತಿ ಹಿಡಿದು ಕೂತಳು. ಕೂಸು ಚೀಪಿದಷ್ಟೂ ಹೊಟ್ಟೆ ಗಟ್ಟಿಯಾಗುತ್ತದೆ, ರಕ್ತ ಕಟ್ಟುತ್ತದೆ. ಅದು ಅವಳ ಅತ್ತೆ ಕಲಿಸಿದ ವಿದ್ಯೆ. ಕೈ ಸೋತರೂ ತೆಗೆಯಲಿಲ್ಲ. ಲಕ್ಷ್ಮಕ್ಕ ಬಾಗಿಲಲ್ಲಿ ಕುಸಿದು ಕೂತು, "ಹಬ್ಬ ಆದ್ಮ್ಯಾಲೆ ಹೋಗ್ಬಹುದು ಅಂದ್ಕಂಡೆ ಸಾವಂತ್ರಮ್ಮಾ, ನೀನೇ ಬಟ್ಟೆ ಬಿಚ್ಚಿದ್ಯಲ್ಲ" ಎಂದಳು. ಬೈಗುಳವಾಗಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ನಿಜವನ್ನು ಹೇಳಿದ್ದಳು.

ಸಂಜೆ ರಕ್ತ ಸ್ವಲ್ಪ ಕಡಿಮೆಯಾದಾಗ ಸಾವಂತ್ರಮ್ಮ ಲಕ್ಷ್ಮಕ್ಕನ ಕೈಯನ್ನೇ ಹಿಡಿದು ಸೊಸೆಯ ಹೊಟ್ಟೆಯ ಮೇಲೆ ಇಟ್ಟು, "ಹಿಂಗೇ ಒತ್ತಿರು, ನಾನು ಬರೋತಂಕ ಬಿಡಬ್ಯಾಡ" ಎಂದು ಹೇಳಿ ಗುಡಿಗೆ ಹೋದಳು. ಮರಿಯಮ್ಮನ ತಲೆಗೆ ಮತ್ತೆ ಬಟ್ಟೆ ಕಟ್ಟಿದಳು. ಮೂವತ್ತೆಂಟನೆಯ ಗಂಟು ಹಾಕಿದಳು. ತಾನು ಮಗನ ಮುಖ ನೋಡುವ ಆಸೆಗೆ ಇನ್ನೊಬ್ಬರ ಮಗಳನ್ನು ಸಾಯಲು ಬಿಟ್ಟೆ ಎಂದು ಆ ಪ್ರತಿಮೆಯ ಮುಂದೆ ಬಾಯಿಬಿಟ್ಟು ಅತ್ತಳು. ಎದ್ದು ಮುಖ ಒರೆಸಿಕೊಂಡು ವಾಪಸು ಬಂದು ಲಕ್ಷ್ಮಕ್ಕನ ಕೈ ತೆಗೆಸಿ ತನ್ನ ಕೈ ಇಟ್ಟಳು.

ಮಂಗಳವಾರ ಹುಡುಗಿಗೆ ಪ್ರಜ್ಞೆ ಬಂದು ಹೋಗಿ ಮಾಡಿತು. ಬುಧವಾರ ಬೆಳಗ್ಗೆ ಸಾವಂತ್ರಮ್ಮ ಕೋಣೆಯ ಗೂಟದ ನೂಲಿಗೆ ನಲವತ್ತನೆಯ ಗಂಟು ಹಾಕುತ್ತಿದ್ದಾಗ ಹಿಂದಿನಿಂದ ಯಾರೋ ಸೆರಗು ಎಳೆದ ಹಾಗಾಯಿತು. ದುರುಗಮ್ಮ ಕಣ್ಣು ಬಿಟ್ಟಿದ್ದಳು. ಗಂಜಿ ಬೇಕು ಎಂದಳು. ಲಕ್ಷ್ಮಕ್ಕ ಒಲೆಯ ಕಡೆ ಓಡಿದ ರಭಸಕ್ಕೆ ಗಡಿಗೆ ಒಡೆಯಿತು, ಯಾರೂ ಬೈಯಲಿಲ್ಲ.

ಫೆಬ್ರವರಿ ಆರು, ತಿಂಗಳ ಮೊದಲ ಭಾನುವಾರ, ಸ್ವಾಮಿಗಳು ಸೈಕಲ್ ಒರಗಿಸಿ ಗುಡಿಯೊಳಗೆ ಬಂದು ನೋಡಿದರೆ ಬಿಚ್ಚಿದ್ದ ಬಟ್ಟೆ ಮತ್ತೆ ಮರಿಯಮ್ಮನ ತಲೆಗೆ ಬಂದಿದೆ. ಅವರು ಏನಾದರೂ ಕೇಳುವುದರೊಳಗೆ ಸಾವಂತ್ರಮ್ಮ ಪಾಪನಿವೇದನೆಯ ಜಾಗದಲ್ಲಿ ಮೊಣಕಾಲೂರಿ ಕೂತಾಗಿತ್ತು. ಸ್ವಾಮಿಗಳು ಮರದ ಜಾಲರಿಯ ಆ ಕಡೆ ಕೂತರು.

"ಒಂದು ತಪ್ಪು ಮಾಡೀನಿ ಸ್ವಾಮೇರೇ. ನೀವು ಹಬ್ಬದ ದಿನ ಹೇಳ್ದಾಗ ನಾನು ಎಣಿಸಿದ್ದೆ. ಮೂವತ್ತೇಳು ಆಗ್ತಿತ್ತು. ಗೊತ್ತಿದ್ದೂ ಬಾಯಿ ಬಿಡಲಿಲ್ಲ."

"ಯಾತರದು ಮೂವತ್ತೇಳು?" ಎಂದರು ಸ್ವಾಮಿಗಳು.

ಅವಳು ಎಲ್ಲವನ್ನೂ ಹೇಳಿದಳು. ಅತ್ತೆ ಕಣಕ್ಕೆ ಹೋಗಿ ನಿಂತದ್ದು, ಜೊತೆಗಾತಿ, ಹೊರೆ, ಸೋಮವಾರದ ಗಾಡಿ. ಮಗನ ಆಸೆಯನ್ನೂ ಮುಚ್ಚಿಡಲಿಲ್ಲ.

"ಆ ಹಬ್ಬ ಒಂದು ನೆನಪು ಸಾವಂತ್ರಮ್ಮ" ಎಂದರು ಸ್ವಾಮಿಗಳು, ಮೆಲ್ಲಗೆ. "ದಿನ ಹಿಂದೆ ಮುಂದೆ ಆದರೆ ನೆನಪು ಕೆಡುವುದಿಲ್ಲ ಎಂದುಕೊಂಡಿದ್ದೆ. ಇಲ್ಲಿ ಅದರ ಮೇಲೆ ಹೆಂಗಸರ ಜೀವ ನಿಂತಿದೆ ಎಂದು ನನಗೆ ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ."

"ನಿಮಗೆ ಹೆಂಗೆ ಗೊತ್ತಾಗ್ಬೇಕು. ನಿಮ್ಮನೇಲಿ ಯಾರು ಹೆತ್ತಾರೆ?"

ಜಾಲರಿಯ ಆಚೆ ಒಂದು ಉಸಿರು, ನಗುವೋ ಅಳುವೋ, ಹೊರಬಿತ್ತು. "ಹಳೆಯ ತಾರೀಕಿಗೇ ಹಾಕಿಬಿಡೋಣ. ಭಾನುವಾರ ಬೇಡ" ಎಂದರು.

ಸಾವಂತ್ರಮ್ಮ ಅದನ್ನೇ ಕೇಳಲು ಬಂದವಳು. ಆದರೆ ಆರು ಮನೆಯ ತಾಯಂದಿರ ಮುಖ ಅವಳ ಕಣ್ಣ ಮುಂದೆ ಬಂತು. ಮಗನ ಗಲ್ಲದ ಕಲೆಯೂ ಬಂತು.

"ಭಾನುವಾರನೇ ಇರ್ಲಿ ಸ್ವಾಮೇರೇ. ಆದ್ರೆ ಮುಂದಿನ ಭಾನುವಾರಕ್ಕೆ ಹಾಕ್ರಿ, ಹಿಂದಕ್ಕೆ ಎಳೀಬ್ಯಾಡ್ರಿ. ನಲವತ್ತಾದ ಮ್ಯಾಲೆ ನಾಲ್ಕು ದಿನ ಹೆಚ್ಚಿಗೆ ಕುಂತ್ರೆ ಯಾವ ಬಾಣಂತಿನೂ ಸಾಯಲ್ಲ. ಮರಿಯಮ್ಮಗೂ ವಿಶ್ರಾಂತಿ ಸಿಕ್ಕಂಗಾತು."

ಸ್ವಾಮಿಗಳು ಅವಳಿಗೆ ಪಾಪಕ್ಷಮೆ ಕೊಟ್ಟರು. ಪ್ರಾಯಶ್ಚಿತ್ತ ಏನು ಎಂದು ಕೇಳಿದ್ದಕ್ಕೆ, "ಇನ್ನು ಮೇಲೆ ನಾನು ತಪ್ಪಿದಾಗ ಎದ್ದು ನಿಂತು ಹೇಳಬೇಕು. ಪೂಜೆಯ ನಡುವೆಯಾದರೂ ಸರಿ" ಎಂದರು. ಅವಳಂಥವಳಿಗೆ ಅದಕ್ಕಿಂತ ಹಗುರವಾದ ಪ್ರಾಯಶ್ಚಿತ್ತ ಇಲ್ಲವೆಂದು ಯಾರಿಗಾದರೂ ಅನ್ನಿಸಬಹುದು. ಅವಳಿಗೆ ಅದು ಹಗುರವಾಗಿರಲಿಲ್ಲ.

ಅಂದು ಪೂಜೆಯಲ್ಲಿ ಸ್ವಾಮಿಗಳು ಗುಟ್ಟಿನಲ್ಲಿ ಕೇಳಿದ್ದನ್ನು ಹೇಳದೆ, ತಮ್ಮ ತಪ್ಪನ್ನು ಮಾತ್ರ ಹೇಳಿಕೊಂಡರು. ದಿನ ನಿಗದಿ ಮಾಡುವಾಗ ನಲವತ್ತು ತುಂಬಿದೆಯೇ ಎಂದು ನೋಡದೆ ಹೋದೆ, ಇನ್ನು ಮುಂದೆ ಮೊಂಬತ್ತಿ ಹಬ್ಬ ಫೆಬ್ರವರಿ ಎರಡು ಭಾನುವಾರವಾದರೆ ಅಂದೇ, ಇಲ್ಲದಿದ್ದರೆ ಅದರ ನಂತರದ ಭಾನುವಾರ, ಮೊದಲು ಎಂದಿಗೂ ಇಲ್ಲ ಎಂದರು. ಆಮೇಲೆ ಗೌಡರ ಮನೆಗೆ ನಡೆದುಕೊಂಡೇ ಹೋಗಿ ಅದನ್ನೇ ಹೇಳಿದರು. ಹಾಲೇಶಪ್ಪನವರು, "ನನ್ನ ಸೋಮವಾರನೂ ಹೋತು, ನಿಮ್ಮ ಬುಧವಾರನೂ ಹೋತು. ಹುಡುಗಿ ಉಳಿದ್ಲಲ್ಲ, ಬಿಡ್ರಿ" ಎಂದು ಹಾಲು ತರಿಸಿ ಕೊಟ್ಟರು. ಸಂಜೆ ಸಾವಂತ್ರಮ್ಮ ಪ್ರತಿಮೆಯ ಬಟ್ಟೆ ಬಿಚ್ಚಿದಳು. ಲೆಕ್ಕಕ್ಕೆ ಅದು ನಲವತ್ತನಾಲ್ಕನೆಯ ದಿನ.

ಆಮೇಲಿನ ವರ್ಷಗಳೆಲ್ಲ ಹೀಗೇ ನಡೆದವು. ಮಕ್ಕಳು ಭದ್ರಾವತಿಯಿಂದ ಬಂದರು, ಡೊಳ್ಳು ಬಂತು, ಹಬ್ಬ ನಲವತ್ತರ ಈಚೆಗೆ ಬರಲಿಲ್ಲ. ನಲವತ್ತೊಂದನೆಯ ಇಸವಿಯಲ್ಲಿ ಫೆಬ್ರವರಿ ಎರಡೇ ಭಾನುವಾರ ಬಿದ್ದಾಗ ಸಾವಂತ್ರಮ್ಮ ಆಕಾಶದ ಕಡೆ ನೋಡಿ, "ಕೊನೆಗೂ ನಿಮಗೂ ಎಣಿಸಾಕೆ ಬಂತಲ್ಲ" ಎಂದಳಂತೆ. ದುರುಗಮ್ಮನಿಗೆ ಮತ್ತೆ ಮಕ್ಕಳಾಗಲಿಲ್ಲ. ಅವಳು ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು ಸಾವಂತ್ರಮ್ಮನ ಹಿಂದೆ ಹಿಂದೆ ತಿರುಗತೊಡಗಿದಳು. ನೀರು ಕಾಯಿಸುವುದು, ಹೊಕ್ಕುಳು ಕಟ್ಟುವುದು, ನೂಲಿಗೆ ಅರಿಶಿನ ಹಚ್ಚುವುದು ಎಲ್ಲ ಕಲಿತಳು. ಮಾತು ಮಾತ್ರ ಅದೇ ಕಡಿಮೆ. "ಸೂಲಗಿತ್ತಿ ಆಗಾಕೆ ಕೈ ಒಂದೇ ಸಾಲ್ದು, ಬಾಯಿನೂ ಬೇಕು" ಎಂದು ಸಾವಂತ್ರಮ್ಮ ಬೈಯುತ್ತಿದ್ದಳು. ಆ ಹುಡುಗಿ ನಕ್ಕು ಸುಮ್ಮನಾಗುತ್ತಿದ್ದಳು.

ನಲವತ್ತನಾಲ್ಕರ ಮಳೆಗಾಲದಲ್ಲಿ ಸಾವಂತ್ರಮ್ಮ ಹೊಳೆಯ ಮೆಟ್ಟಿಲಲ್ಲಿ ಜಾರಿ ಸೊಂಟ ಮುರಿದುಕೊಂಡಳು. ಅಲ್ಲಿಂದ ಹಾಸಿಗೆಯೇ ಗತಿ. ಲಕ್ಷ್ಮಕ್ಕ ದಿನಾ ಬಂದು ಅನ್ನ ನೀರು ನೋಡಿಕೊಳ್ಳುತ್ತಿದ್ದಳು. ಅದೇ ವರ್ಷ ಇನ್ಯಾಸಪ್ಪ ಸ್ವಾಮಿಗಳನ್ನು ದೂರದ ಊರಿಗೆ ಹಾಕಿದರು. ಹೊರಡುವ ಮೊದಲು ಅವರು ಅವಳ ಹಾಸಿಗೆಯ ಪಕ್ಕ ಕೂತು ಎರಡು ರೊಟ್ಟಿ ತಿಂದು ಹೋದರು. ಹೊಸಬರು ಬಂದರು. ಒಳ್ಳೆಯವರೇ, ಆದರೆ ಅವಸರದವರು. ಹೊಸ ವರ್ಷದ ಮೊದಲ ಪೂಜೆಯಲ್ಲಿ ಅವರು, ಮೊಂಬತ್ತಿ ಹಬ್ಬ ಶುಕ್ರವಾರ ಬಂದಿದೆ, ನಂತರದ ಭಾನುವಾರ ತಾವು ಚನ್ನಗಿರಿಯ ಕಡೆ ಇರುತ್ತೇವೆ, ಆದ್ದರಿಂದ ಜನವರಿ ಇಪ್ಪತ್ತೆಂಟಕ್ಕೇ ಮುಗಿಸಿಬಿಡೋಣ ಎಂದು ಹೇಳಿ ಸೈಕಲ್ ಹತ್ತಿದರು.

ಸುದ್ದಿ ಕೇಳಿದ ಸಾವಂತ್ರಮ್ಮ ಮಲಗಿದಲ್ಲೇ ಬೆರಳು ಮಡಿಸಿದಳು. ಮೂವತ್ತೈದು. ಆ ವರ್ಷದ ಜೊತೆಗಾತಿ ರುದ್ರಾಣಿ ಎಂಬ ಹತ್ತೊಂಬತ್ತರ ಹುಡುಗಿ. ಜೋಳದ ತೆನೆ ತೂಗಿ ನಿಂತಿತ್ತು. ಹಾಲೇಶಪ್ಪನವರು ತೀರಿಕೊಂಡು, ಹೊಲ ಅವರ ಮಗನ ಕೈಗೆ ಬಂದಿತ್ತು. ಆ ಮಗನಿಗೆ ಸೋಮವಾರದ ಗಾಡಿ ನೆನಪಿಲ್ಲ. "ನನ್ನನ್ನ ಹೊತ್ಕೊಂಡಾದ್ರೂ ಗುಡಿಗೆ ಒಯ್ರಿ, ನಾನು ಹೇಳ್ಬೇಕು" ಎಂದು ಅವಳು ಲಕ್ಷ್ಮಕ್ಕನ ಮುಂದೆ ಗೋಗರೆದಳು. ಅಲುಗಾಡಿಸಿದರೆ ಪ್ರಾಣ ಹೋಗುವಷ್ಟು ನೋವು. ಯಾರು ಹೊರುತ್ತಾರೆ? ದುರುಗಮ್ಮ ಅಲ್ಲೇ ಮೂಲೆಯಲ್ಲಿ ಓಮ ಆರಿಸುತ್ತಾ ಕೂತಿದ್ದಳು.

ಇಪ್ಪತ್ತೆಂಟಕ್ಕೆ ಗುಡಿಯ ಗಂಟೆ ಮೊಳಗಿತು. ಸಾವಂತ್ರಮ್ಮ ಒಬ್ಬಳೇ ಮಲಗಿ ಕಿವಿಗೊಟ್ಟಿದ್ದಳು. ಪೂಜೆ ಮುಗಿಯುವ ಹೊತ್ತಾಯಿತು. ಇನ್ನೇನು ಬಟ್ಟೆ ಬಿಚ್ಚುತ್ತಾರೆ, ಇನ್ನೇನು ಡೊಳ್ಳು ಏಳುತ್ತದೆ ಎಂದು ಕಣ್ಣು ಮುಚ್ಚಿಕೊಂಡಳು. ಡೊಳ್ಳು ಏಳಲಿಲ್ಲ. ಬಹಳ ಹೊತ್ತಿನ ಮೇಲೆ ಲಕ್ಷ್ಮಕ್ಕ ಏದುಸಿರು ಬಿಡುತ್ತಾ ಬಂದು ಹಾಸಿಗೆಯ ಪಕ್ಕ ಕೂತಳು.

"ಹಬ್ಬ ನಿಂತ್ಹೋತು" ಎಂದಳು. "ಸ್ವಾಮೇರು ಬಟ್ಟೆ ಬಿಚ್ಚಾಕೆ ಹೇಳಿದ್ರು. ಬಿಚ್ಚೋದಿಲ್ಲ ಅಂದ್ಬಿಟ್ಲು. ನೂಲು ಬಿಚ್ಚಿ ತಂದು ಅವರ ಕೈಯಾಗೆ ಇಟ್ಟು, ಎಣಿಸ್ರಿ ಸ್ವಾಮೇರೇ, ಇನ್ನೂ ಐದು ಗಂಟು ಬಾಕಿ ಐತೆ ಅಂದ್ಲು. ಅಷ್ಟಕ್ಕೇ ಬಿಡಲಿಲ್ಲ. ಮೂವತ್ತೇಳಕ್ಕೆ ಹೊರಗೆ ಬಂದೋಳು ನಾನು, ನನ್ನ ರಕ್ತ ಗೌಡರ ಗಾಡಿ ಹುಲ್ಲೆಲ್ಲ ನೆನೆಸ್ತು, ಈ ಹುಡುಗಿನ ಮೂವತ್ತೈದಕ್ಕೆ ನಾನು ಕಳಿಸಂಗಿಲ್ಲ ಅಂತ ಸಣ್ಣ ಗೌಡರ ಕಡೆನೂ ತಿರುಗಿ ಹೇಳಿದ್ಲು. ಸ್ವಾಮೇರು ಎಣಿಸಿದ್ರು. ಎರಡು ಸಲ ಎಣಿಸಿದ್ರು. ಆಮೇಲೆ ಮುಂದಿನ ಭಾನುವಾರ ಚನ್ನಗಿರಿ ಮುಗಿಸ್ಕೊಂಡು ಸಂಜಿಗೆ ಬರ್ತೀನಿ ಅಂದ್ರು."

"ಯಾರು?" ಎಂದಳು ಸಾವಂತ್ರಮ್ಮ. ಅವಳಿಗೆ ಗೊತ್ತಿತ್ತು. ಆದರೂ ಕೇಳಬೇಕೆನ್ನಿಸಿತು. "ಯಾರು ಹಂಗೆ ಬಾಯಿ ಬಿಟ್ಟೋರು?"

"ಇನ್ಯಾರು. ನಮ್ಮ ದುರುಗಿ."

"ಅಷ್ಟು ಜನದ ಮುಂದೆ?"

"ಅಷ್ಟು ಜನದ ಮುಂದೆ."

ಸಾವಂತ್ರಮ್ಮ ಗೋಡೆಯ ಕಡೆ ಮುಖ ತಿರುಗಿಸಿದಳು. ಹೆಗಲು ಅಲುಗುವುದು ಲಕ್ಷ್ಮಕ್ಕನಿಗೆ ಕಂಡಿತು. ನೋವಿಗೋ ಎಂದು ಕೇಳಿದರೆ ಅಲ್ಲ ಎಂದು ತಲೆಯಾಡಿಸಿದಳು.

"ಜುಂಜಪ್ಪ ಬಂದಾನೆ, ದುರುಗಿ ಜೊತೆ ಹೊರಗೆ ನಿಂತಾನೆ" ಎಂದಳು ಲಕ್ಷ್ಮಕ್ಕ. "ಮುಂದಿನ ವಾರ ಅವನಿಗೆ ರಜ ಇಲ್ಲಂತೆ. ಹಬ್ಬಕ್ಕೆ ಬರಾಕೆ ಆಗಲ್ಲ ಅಂತ ಬೇಜಾರು ಮಾಡ್ಕೊಂಡಾನೆ."

"ಬರದಿದ್ರೂ ನಡೀತೈತೆ" ಎಂದಳು ಸಾವಂತ್ರಮ್ಮ, ಕಣ್ಣು ಒರೆಸಿಕೊಳ್ಳುತ್ತಾ. "ಆ ದುರುಗಿನ ಮೊದಲು ಒಳಗೆ ಕರಿ."